ಕೆಳದಿಯಿಂದ ತುಂಗೆಯವರೆಗೆ: ಮಗುವಿಗೊಂದು ಮನೆ

ಕೆಳದಿಯ ವೀರಭದ್ರ ಗುಡಿಯೊಳಗೆ ನಿಂತು ಕತ್ತೆತ್ತಿದರೆ ಮೇಲಿನ ಕಲ್ಲಿನಲ್ಲಿ ಗಂಡಭೇರುಂಡ. ಎರಡು ಕೊರಳು ಎರಡು ದಿಕ್ಕಿಗೆ ಹೊರಳಿವೆ, ರೆಕ್ಕೆಗಳು ಅಗಲಕ್ಕೆ ಹರಡಿವೆ. ಸಾಗರದ ಪೇಟೆಯಿಂದ ಇಲ್ಲಿಗೆ ಅರ್ಧ ಗಂಟೆಯ ಹಾದಿಯೂ ಅಲ್ಲ. 1500ರ ಆಸುಪಾಸಿನಲ್ಲಿ ಚೌಡಪ್ಪ ನಾಯಕ ಈ ಪುಟ್ಟ ಊರಿನಲ್ಲಿ ಕಟ್ಟತೊಡಗಿದ ಸಂಸ್ಥಾನ ಮುಂದೆ ಇಕ್ಕೇರಿಗೆ, ಅಲ್ಲಿಂದ ಬಿದನೂರಿಗೆ ರಾಜಧಾನಿ ಬದಲಿಸುತ್ತ 1763ರವರೆಗೆ ಬಾಳಿತು. ಇವತ್ತಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳು ಆ ನಾಡಿನ ನಡುಮನೆ.

ನಮ್ಮ ಜೊತೆಗಿದ್ದ ಆರು ವರ್ಷದ ಹುಡುಗಿಗೆ ಕತ್ತೆತ್ತಿ ನೋಡಿ ನೋಡಿ ಸಾಕಾಯಿತು. ನೆಲದ ಮೇಲೆ ಅಂಗಾತ ಮಲಗಿ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ, "ತಲಿ ಎರಡ ಅದಾವ, ಹೊಟ್ಟಿ ಒಂದ ಐತಿ" ಎಂದು ಲೆಕ್ಕ ಒಪ್ಪಿಸಿದಳು. ಅವಳದ್ದು ಬಯಲುಸೀಮೆಯ ಉತ್ತರದ ಕನ್ನಡ. ಅವಳ ಪಕ್ಕದಲ್ಲಿ ನಿಂತಿದ್ದ ಅಪ್ಪ ಅಮೆರಿಕದಲ್ಲೇ ಹುಟ್ಟಿ ಬೆಳೆದವನು, ಅವನ ಕನ್ನಡ ಮನೆಯೊಳಗೆ ಕಲಿತದ್ದು. ಅಮ್ಮ ನನ್ನ ತಂಗಿ, ಸಾಗರದ ನೀರು ಕುಡಿದು ಬೆಳೆದವಳು, ಈಗ ಅಮೆರಿಕದ ಪ್ರಜೆ. ಈ ಮೂವರೂ ಒಂದೇ ಮನೆಯವರೆಂದು ಜಿಲ್ಲಾಧಿಕಾರಿಯ ದತ್ತು ಆದೇಶ ಬಂದು ಹೆಚ್ಚು ದಿನವಾಗಿರಲಿಲ್ಲ. ಮಗುವಿನ ಪಾಸ್‌ಪೋರ್ಟ್, ವೀಸಾ ಕೈಗೆ ಬರುವವರೆಗೆ ಅವರು ಇಲ್ಲೇ ಇರಬೇಕಿತ್ತು. ಆ ಬಿಡುವಿನಲ್ಲಿ ಮಗುವಿಗೆ ತಾಯಿಯ ಊರನ್ನೂ ತಂದೆಯ ಹಿರಿಯರ ಊರನ್ನೂ ತೋರಿಸೋಣವೆಂದು ಹೊರಟೆವು. ಸಾಗರ ನಮ್ಮದು, ತೀರ್ಥಹಳ್ಳಿ ಅವನ ಅಜ್ಜನದು, ನಡುವೆ ಹೊಸನಗರ.

ಹುಡುಗಿಯ ಹೆಸರನ್ನೂ ಅವಳು ಇದ್ದ ಊರನ್ನೂ ಬರೆಯುವುದಿಲ್ಲ. ಇಂಥ ಮಕ್ಕಳ ಗುರುತನ್ನು ಪ್ರಕಟಿಸಬಾರದೆಂದು ಕಾನೂನಿದೆ. ಕಾನೂನು ಇಲ್ಲದಿದ್ದರೂ ಬರೆಯುತ್ತಿರಲಿಲ್ಲ, ಏಕೆಂದರೆ ಅವಳ ಮೊದಲ ಆರು ವರ್ಷದ ಕಥೆ ಅವಳ ಆಸ್ತಿ. ಹೇಳುವ ದಿನ ಬಂದಾಗ ಅವಳೇ ಹೇಳಬೇಕು. ನಾನು ಬರೆಯುತ್ತಿರುವುದು ಅವಳನ್ನು ಬರಮಾಡಿಕೊಂಡ ಮನೆಯ ಬಗ್ಗೆ ಮತ್ತು ದತ್ತು ಎಂಬುದಕ್ಕೆ ಹಳೆಯ ನಂಟಿರುವ ಈ ಮೂರು ತಾಲ್ಲೂಕುಗಳ ಬಗ್ಗೆ.

ಕೆಳದಿಯ ಇತಿಹಾಸದಲ್ಲಿ ಎರಡು ಸಲ ರಾಜ್ಯದ ಭಾರವೆಲ್ಲ ಒಬ್ಬ ದತ್ತು ಮಗನ ಹೆಗಲ ಮೇಲೆ ಬಿದ್ದಿದೆ. ಮೊದಲನೆಯದು ರಾಣಿ ಚೆನ್ನಮ್ಮಾಜಿಯ ಕಾಲದ್ದು. ಅವಳ ಗಂಡ ಸೋಮಶೇಖರ ನಾಯಕ 1671ರಲ್ಲಿ ಕೊಲೆಯಾದ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಒಳಗೆ ದರ್ಬಾರಿನ ಬಣಗಳು, ಹೊರಗೆ ಬಿಜಾಪುರದ ಕಣ್ಣು. ಅಂಥ ಹೊತ್ತಿನಲ್ಲಿ ಅಧಿಕಾರ ಹಿಡಿದು ಇಪ್ಪತ್ತೈದು ವರ್ಷ ನಿಭಾಯಿಸಿದಳು. ಔರಂಗಜೇಬನ ಕೈಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯ ಕೊಟ್ಟು, ಬೆನ್ನಟ್ಟಿ ಬಂದ ಮೊಘಲ್ ಸೈನ್ಯವನ್ನು ಎದುರಿಸಿದವಳು ಇವಳೇ. ನಾಡಿನ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡುವುದು ಈ ಸಾಹಸವನ್ನು. ಅವಳು ಬಸವಪ್ಪನೆಂಬ ಹುಡುಗನನ್ನು ದತ್ತು ತೆಗೆದುಕೊಂಡು, ಪಕ್ಕದಲ್ಲಿ ಕೂರಿಸಿಕೊಂಡು ರಾಜ್ಯಭಾರ ಕಲಿಸಿದ್ದು ಅಷ್ಟೇ ದೊಡ್ಡ ಕೆಲಸವೆಂದು ನನಗೆ ಈಗ ಅನ್ನಿಸುತ್ತದೆ.

ಆ ಹುಡುಗ ಮುಂದೆ ಹಿರಿಯ ಬಸವಪ್ಪ ನಾಯಕನಾಗಿ 1697ರಿಂದ 1714ರವರೆಗೆ ಆಳಿದ. ಸಂಸ್ಕೃತದಲ್ಲಿ 'ಶಿವತತ್ತ್ವರತ್ನಾಕರ' ಎಂಬ ಮಹಾಗ್ರಂಥ ಬರೆದ. ಒಂಬತ್ತು ಕಲ್ಲೋಲ, ನೂರೆಂಟು ತರಂಗ. ರಾಜನೀತಿ, ಸಂಗೀತ, ವಾಸ್ತು, ಪಾಕಶಾಸ್ತ್ರ, ಆನೆ ಕುದುರೆಗಳ ಲಕ್ಷಣ, ಜೊತೆಗೆ ತನ್ನ ಮನೆತನದ ಚರಿತ್ರೆ. ಮಗ ಸೋಮಶೇಖರ ಕೇಳುತ್ತಾನೆ, ತಂದೆ ಬಸವಪ್ಪ ಹೇಳುತ್ತಾನೆ, ಅದೇ ಇಡೀ ಗ್ರಂಥದ ಕಟ್ಟು. ಹೊರಗಿನಿಂದ ಬಂದ ಮಗ ಆ ಮನೆಯ ವಂಶಾವಳಿಯನ್ನೂ ವಿದ್ಯೆಯನ್ನೂ ಒಟ್ಟುಮಾಡಿ ಮುಂದಿನ ತಲೆಗೆ ದಾಟಿಸಿದ. ಹೆತ್ತ ಮಗ ಇದಕ್ಕಿಂತ ಹೆಚ್ಚಿನದೇನು ಮಾಡುತ್ತಿದ್ದ?

ಇಷ್ಟೆಲ್ಲ ಹೇಳಿದರೂ ಒಂದು ಮಾತು ಉಳಿಯುತ್ತದೆ. ಚೆನ್ನಮ್ಮಾಜಿ ಬಸವಪ್ಪನನ್ನು ಆರಿಸಿದ್ದು ಪಟ್ಟಕ್ಕೆ. ಸಿಂಹಾಸನ ಖಾಲಿ ಇತ್ತು, ಅದಕ್ಕೊಬ್ಬ ಹುಡುಗ ಬೇಕಿತ್ತು. ಆ ಹುಡುಗನಿಗೆ ಏನು ಬೇಕಿತ್ತೆಂದು ಯಾವ ಕಾವ್ಯವೂ ಶಾಸನವೂ ಕೇಳಿಲ್ಲ.

ನಮ್ಮ ಮಲೆನಾಡಿನ ಮನೆಗಳಲ್ಲಿ ನಡೆದದ್ದೂ ಇದೇ. ಮಕ್ಕಳಿಲ್ಲದ ಅಣ್ಣ ತಮ್ಮನ ಎರಡನೆಯ ಮಗನನ್ನು ಸ್ವೀಕಾರ ಮಾಡಿಕೊಳ್ಳುತ್ತಿದ್ದ. ತೋಟಕ್ಕೆ ವಾರಸುದಾರ ಬೇಕು, ಕೊನೆಗೆ ಪಿಂಡ ಹಾಕುವ ಕೈ ಬೇಕು. ಹಾಗಾಗಿ ಗಂಡುಮಗುವೇ ಆಗಬೇಕಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಬಂದ ಮೇಲೆ ಹೆಣ್ಣುಮಗುವನ್ನು ದತ್ತು ತೆಗೆದುಕೊಳ್ಳುವುದಕ್ಕೂ, ವಿಧವೆಯಾಗಲಿ ಮದುವೆಯಾಗದವಳಾಗಲಿ ತನ್ನದೇ ಹಕ್ಕಿನಿಂದ ದತ್ತು ಪಡೆಯುವುದಕ್ಕೂ ದಾರಿಯಾಯಿತು. ಹಿಂದೆ ಗಂಡುಮಗುವನ್ನೇ ದತ್ತು ಪಡೆದರೂ ಮಾತು ಮುಗಿಯುತ್ತಿರಲಿಲ್ಲ. ಕಿತ್ತೂರಿನ ಇನ್ನೊಬ್ಬ ಚೆನ್ನಮ್ಮನ ಮನೆತನದ ದತ್ತಕವನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ, 1824ರಲ್ಲಿ ಯುದ್ಧವೇ ಆಯಿತು. ಎಲ್ಲ ಕಡೆಯೂ ಪ್ರಶ್ನೆ ಒಂದೇ: ಈ ಮನೆ, ಈ ಗದ್ದುಗೆ, ಈ ಭೂಮಿ ಯಾರದ್ದಾಗಬೇಕು?

ನನ್ನ ತಂಗಿಯ ಮನೆಗೆ ಮಗು ಬಂದ ದಾರಿಯಲ್ಲಿ ಕೇಳಿದ ಪ್ರಶ್ನೆ ಬೇರೆ. ಈ ಮಗುವಿಗೆ ಯಾವ ಮನೆ ಸರಿ?

ತಂಗಿ ಮತ್ತು ಅವಳ ಗಂಡ ಮೊದಲು ಅಮೆರಿಕದ ತಮ್ಮ ಊರಿನ ಮಾನ್ಯತೆ ಪಡೆದ ಸಂಸ್ಥೆಯ ಮೂಲಕ ಹೆಸರು ನೋಂದಾಯಿಸಿದರು. ಸಮಾಜ ಕಾರ್ಯಕರ್ತೆಯೊಬ್ಬರು ಮನೆಗೆ ಬಂದು ಗಂಡಹೆಂಡಿರನ್ನು ಒಟ್ಟಿಗೂ ಬೇರೆಬೇರೆಯಾಗಿಯೂ ಮಾತಾಡಿಸಿ, ಆದಾಯ, ಆರೋಗ್ಯ, ಸಿಟ್ಟು, ಜಗಳ, ಬಾಲ್ಯ ಎಲ್ಲವನ್ನೂ ಕೇಳಿ ಗೃಹ ಅಧ್ಯಯನ ವರದಿ ಬರೆದರು. ಅಮೆರಿಕ ಸರ್ಕಾರ ಇವರು ತಂದೆತಾಯಿಯಾಗಲು ಯೋಗ್ಯರೆಂದು ಮೊದಲೇ ಒಪ್ಪಿಗೆ ಕೊಡಬೇಕು. ಆಮೇಲೆ ಕಡತ ದೆಹಲಿಯ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ಎಲ್ಲರೂ 'ಕಾರಾ' ಎನ್ನುವ ಕಚೇರಿಯ, ಜಾಲತಾಣಕ್ಕೆ ಏರುತ್ತದೆ. ಅಲ್ಲಿಂದ ಕಾಯುವ ಕೆಲಸ. ದೇಶದೊಳಗೆ ಮನೆ ಸಿಗದ ಮಗುವಿಗೆ ಮಾತ್ರ ಹೊರದೇಶದ ಮನೆ ಎಂಬುದು ನಿಯಮ. ಹಾಲುಗಲ್ಲದ ಕೂಸುಗಳಿಗೆ ಇಲ್ಲಿಯೇ ಸಾಲುಗಟ್ಟಿದ ದಂಪತಿಗಳಿದ್ದಾರೆ. ಐದಾರು ವರ್ಷ ದಾಟಿದವರು, ಅಕ್ಕತಮ್ಮಂದಿರಾಗಿ ಒಟ್ಟಿಗಿರುವವರು, ವಿಶೇಷ ಆರೈಕೆ ಬೇಕಾದವರು ಉಳಿಯುತ್ತಾರೆ. ತಂಗಿ, ಭಾವ ಅರ್ಜಿಯಲ್ಲೇ ದೊಡ್ಡ ಮಗುವಾಗಲಿ ಎಂದು ಬರೆದಿದ್ದರು.

ಒಂದು ಬೆಳಿಗ್ಗೆ ನನ್ನ ಫೋನಿಗೆ ತಂಗಿಯ ಕರೆ. ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಮಗುವಿನ ವಿವರ ಬಂದಿತ್ತು: ಒಂದು ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ತಪಾಸಣಾ ವರದಿ. ಎತ್ತರ, ತೂಕ, ಹಾಕಿಸಿದ ಲಸಿಕೆಗಳು. ಗುಂಪಿನಲ್ಲಿ ಹಾಡುತ್ತಾಳೆ, ಕತ್ತಲೆಗೆ ಹೆದರುತ್ತಾಳೆ, ಅನ್ನಕ್ಕಿಂತ ರೊಟ್ಟಿ ಇಷ್ಟ. ಕೆಲವು ಹಾಳೆಗಳಲ್ಲಿ ಆರು ವರ್ಷ. ಇದನ್ನು ಓದಿ, ವೈದ್ಯರಿಗೆ ತೋರಿಸಿ, ಗಡುವಿನೊಳಗೆ ಒಪ್ಪಿಗೆಯ ಸಹಿ ಹಾಕಬೇಕು. ಭಾವ ಆ ರಾತ್ರಿ ಮಲಗಲಿಲ್ಲವಂತೆ. ತನ್ನನ್ನು ಕಾಡಿದ್ದು 'ನಾವು ಈ ಮಗುವನ್ನು ಒಪ್ಪಬಹುದೇ' ಎಂಬುದಲ್ಲ ಎಂದು ಆಮೇಲೆ ನನಗೆ ಹೇಳಿದ. ಅವಳನ್ನು ಯಾರೂ ಕೇಳಿಲ್ಲವಲ್ಲ, ಅವಳು ನಮ್ಮನ್ನು ಒಪ್ಪುತ್ತಾಳೆಯೇ? ಅಡ್ಡಿಯಿಲ್ಲವೆಂಬ ಪತ್ರ, ಜಿಲ್ಲಾಧಿಕಾರಿಯ ಆದೇಶ, ಹೊಸ ಜನನ ಪ್ರಮಾಣಪತ್ರ, ಹೊರದೇಶದ ದತ್ತಿಗೆ ಸಂಬಂಧಿಸಿದ ಹೇಗ್ ಒಪ್ಪಂದದ ಪ್ರಕಾರ ಕಾರಾ ಕೊಡುವ ಅನುಸರಣಾ ಪ್ರಮಾಣಪತ್ರ, ಎಲ್ಲ ಒಂದೊಂದಾಗಿ ಮುಗಿಯುವವರೆಗೆ ಆ ಪ್ರಶ್ನೆ ಅವನ ಜೊತೆಗಿತ್ತು.

ನಾವು ಹೋದಾಗ ಸಾಗರದ ಮನೆಯಲ್ಲಿ ಅಡಿಕೆ ಸುಗ್ಗಿ. ಹಗಲು ಕೊನೆ ಕೊಯ್ಲು, ರಾತ್ರಿ ಸುಲಿಯುವ ಕೆಲಸ. ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮಣೆಗಳ ಮೇಲೆ ಹೆಂಗಸರು ಸಾಲಾಗಿ ಕೂತಿದ್ದರು. ಹಸಿರು ಕಾಯಿಯನ್ನು ಕತ್ತಿಗೆ ಒತ್ತಿ ತಿರುವಿದರೆ ಸಿಪ್ಪೆ ಒಂದು ಕಡೆ, ಬೆಟ್ಟೆ ಬುಟ್ಟಿಗೆ. ಅಂಗಳದ ಮೂಲೆಯಲ್ಲಿ ಹಂಡೆಯೊಳಗೆ ಚೊಗರು ಕುದಿಯುವ ಒಗರು ವಾಸನೆ. ಹುಡುಗಿ ದೀಪದ ಬುಡದಲ್ಲಿ ಜಾಗ ಹಿಡಿದು, ಬುಟ್ಟಿಯಿಂದ ಆಚೆ ಉರುಳಿದ ಅಡಿಕೆ ಆರಿಸಿ ಹಾಕುವ ಕೆಲಸವನ್ನು ತಾನೇ ವಹಿಸಿಕೊಂಡಳು. ಸುಲಿಯುತ್ತಿದ್ದವರೊಬ್ಬರು ನನ್ನ ಅಮ್ಮನನ್ನು ಕೇಳಿದರು: "ಎಲ್ಲಿಂದ ತಂದ್ರಿ ಅಮ್ಮ, ಈ ಕೂಸನ್ನ?" ಕೆಟ್ಟ ಮನಸ್ಸಿನ ಮಾತಲ್ಲ, ಊರಿನಲ್ಲಿ ಹಾಗೆಯೇ ಕೇಳುತ್ತಾರೆ. ಅಮ್ಮ ಕೆಲಸ ನಿಲ್ಲಿಸದೆ, "ಮೊಮ್ಮಗಳು. ದೂರದಿಂದ ಬಂದಿದಾಳೆ" ಎಂದರು. ಹುಡುಗಿ ತಲೆ ಎತ್ತಿ, "ಕಾರಿನ್ಯಾಗ ಬಂದೀನಿ" ಎಂದಳು. ಅಲ್ಲಿಗೆ ವಿಚಾರಣೆ ಮುಗಿಯಿತು. ಮರುದಿನ ಅಮ್ಮ ಪೇಟೆಯಿಂದ ಜೋಳದ ಹಿಟ್ಟು ತರಿಸಿದರು. ಎಪ್ಪತ್ತು ದಾಟಿದ ಕೈ ಅಕ್ಕಿರೊಟ್ಟಿ ತಟ್ಟಿದ್ದು ಬಿಟ್ಟರೆ ಜೋಳದ ಹಿಟ್ಟು ನಾದಿದ್ದೇ ಇಲ್ಲ. ರೊಟ್ಟಿ ಹರಿಯಿತು. ಹುಡುಗಿ ಒಲೆಯ ಪಕ್ಕ ನಿಂತು, ಬಿಸಿನೀರು ಹಾಕಬೇಕೆಂದು ಅಜ್ಜಿಗೆ ಹೇಳಿಕೊಟ್ಟಳು. ಎರಡನೆಯ ಸಲ ಹರಿಯಲಿಲ್ಲ.

ಹೊಸನಗರದ ಕಡೆಗೆ ಹೊರಟರೆ ಶರಾವತಿಯ ಹಿನ್ನೀರು ಜೊತೆಗೇ ಬರುತ್ತದೆ. ಪಟಗುಪ್ಪದ ಸೇತುವೆಯ ಮೇಲೆ ಕಾರು ನಿಲ್ಲಿಸಿ ನೋಡಿದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಈ ನೀರಿನ ಅಡಿಗೆ ಊರುಗಳೇ ಹೋದವು. ಮನೆ, ಗದ್ದೆ, ದೇವರಬನ ಬಿಟ್ಟು ಲಾರಿ ಹತ್ತಿದವರ ಮಕ್ಕಳು ಮೊಮ್ಮಕ್ಕಳು ಈಗಲೂ ಜಮೀನಿನ ದಾಖಲೆಗಾಗಿ ಕಚೇರಿ ಅಲೆಯುತ್ತಾರೆ. ಬೇರು ಎಲ್ಲಿತ್ತೆಂದು ತೋರಿಸಲು ಒಂದು ಕಾಗದವಾದರೂ ಬೇಕು ಎಂಬ ಮಾತಿನ ಬೆಲೆ ಈ ಸೀಮೆಯವರಿಗೆ ಗೊತ್ತು.

ದತ್ತು ಮಕ್ಕಳಿಗೂ ಆ ಕಾಗದ ಬೇಕು. ಹದಿನೆಂಟು ತುಂಬಿದ ಮೇಲೆ ತಾವೇ, ಅದಕ್ಕೆ ಮೊದಲು ತಂದೆತಾಯಿಯ ಜೊತೆಗೂಡಿ, ತಮ್ಮ ಮೂಲದ ಬಗ್ಗೆ ಮಾಹಿತಿ ಕೇಳಲು ಭಾರತದ ದತ್ತು ನಿಯಮಗಳಲ್ಲಿ ಅವಕಾಶವಿದೆ. ಹೆತ್ತವಳು ಗುಟ್ಟು ಕಾಯಿರೆಂದು ಕೇಳಿಕೊಂಡಿದ್ದರೆ ಅದನ್ನೂ ಕಾಯಬೇಕು. ಇಬ್ಬರ ಹಕ್ಕೂ ದೊಡ್ಡದು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು ಎರಡು ತಿಂಗಳ ಕಾಲ ಕೊಡುತ್ತದೆ. ಆ ಎರಡು ತಿಂಗಳು ಆ ಹೆಣ್ಣುಮಗಳು ಹೇಗೆ ಕಳೆಯುತ್ತಾಳೆಂದು ನಾವು, ಮಗುವನ್ನು ಪಡೆದ ಮನೆಯವರು, ಮರೆಯಬಾರದು. ತಂಗಿ ಮಗುವಿಗೆ ಸಂಬಂಧಿಸಿದ ಒಂದೊಂದು ಹಾಳೆಯನ್ನೂ ಪ್ಲಾಸ್ಟಿಕ್ ಹೊದಿಕೆಯ ಕಡತದಲ್ಲಿ ಇಟ್ಟಿದ್ದಾಳೆ. ಹುಡುಗಿ ಮೊದಲಿದ್ದ ಕಡೆಯ ಆಯಾ ಕೊಟ್ಟ ಹಳೆಯ ಫ್ರಾಕು, ಜೊತೆಯ ಮಕ್ಕಳು ಬಿಡಿಸಿದ ಚಿತ್ರ ಕೂಡ ಅದರ ಜೊತೆಗಿವೆ.

ಹೊಸನಗರ ದಾಟಿ ಕೊಲ್ಲೂರಿನ ದಾರಿಯಲ್ಲಿ ಹೋದರೆ ನಗರ. ಇದೇ ಹಳೆಯ ಬಿದನೂರು. ಕೆರೆಯಂಚಿನ ಕೋಟೆಯ ಒಳಗೆ ಹುಲ್ಲು ಬೆಳೆದ ಅರಮನೆಯ ಅಡಿಪಾಯ, ಅಕ್ಕತಂಗಿಯರ ಕೊಳ. ಕೆಳದಿಯ ಎರಡನೆಯ ದತ್ತು ಕಥೆ ಮುಗಿಯುವುದು ಇಲ್ಲಿ. ಗಂಡನನ್ನು ಕಳೆದುಕೊಂಡ ವೀರಮ್ಮಾಜಿ, ದತ್ತು ಮಗ ಚೆನ್ನಬಸಪ್ಪನೂ ಇಲ್ಲವಾದ ಮೇಲೆ 1757ರಲ್ಲಿ ಇನ್ನೊಬ್ಬ ದತ್ತು ಮಗ ಸೋಮಶೇಖರನ ಹೆಸರಿನಲ್ಲಿ ಆಡಳಿತ ಹಿಡಿದಳು. ಅಷ್ಟರಲ್ಲಿ ಸತ್ತನೆನ್ನಲಾದ ಚೆನ್ನಬಸಪ್ಪ ತಾನೇ ಎಂದು ಒಬ್ಬ ತರುಣ ಹೈದರಾಲಿಯ ಮುಂದೆ ನಿಂತ. ಹೈದರ್ ಅವನ ಹಕ್ಕಿನ ನೆಪ ಹಿಡಿದು 1763ರಲ್ಲಿ ಬಿದನೂರಿಗೆ ನುಗ್ಗಿದ. ರಾಣಿಯನ್ನೂ ಮಗನನ್ನೂ ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟ. ಹಕ್ಕುದಾರನೆಂದು ಬಂದವನಿಗೂ ಗದ್ದುಗೆ ಸಿಗಲಿಲ್ಲ.

ಅಲ್ಲಿಯ ಮೆಟ್ಟಿಲ ಮೇಲೆ ಕೂತು ಯೋಚಿಸುವಾಗ ಆ ಹುಡುಗರ ಮುಖಗಳು ನನ್ನನ್ನು ಬಿಡಲಿಲ್ಲ. ಒಬ್ಬ ಇಲ್ಲವಾದ, ಒಬ್ಬ ಸೆರೆಯಾದ, ಮತ್ತೊಬ್ಬ ದಾಳವಾದ. ದತ್ತು ಎಂಬುದು ಬೇರೆಯವರ ಅಗತ್ಯಕ್ಕೆ ಮಾತ್ರ ನಡೆದರೆ ಮಗುವಿಗೆ ಆಗುವುದು ಇದೇ. ಇದು ರಾಜರ ಕಾಲಕ್ಕೆ ಮುಗಿಯಲಿಲ್ಲ. ಎಪ್ಪತ್ತು ಎಂಬತ್ತರ ದಶಕದಲ್ಲಿ ಭಾರತದ ಮಕ್ಕಳನ್ನು ಹೊರದೇಶಗಳಿಗೆ ಕೊಡುವುದರಲ್ಲಿ ಅಕ್ರಮಗಳಾಗುತ್ತಿವೆ ಎಂದು ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಕೊಟ್ಟ ತೀರ್ಪು ಮೊದಲ ಬೇಲಿ ಹಾಕಿತು. 1990ರಲ್ಲಿ ಕಾರಾ ಹುಟ್ಟಿತು. 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿಯ ಕೈಯಿಂದ ಬರುತ್ತಿದೆ. ಹೊರಗಿನ ಜಗತ್ತಿನಲ್ಲೂ ಹಳೆಯ ಕಡತಗಳು ತೆರೆಯುತ್ತಿವೆ. ಹಿಂದಿನ ಅಕ್ರಮಗಳ ತನಿಖೆಯಾದ ಮೇಲೆ ನೆದರ್ಲ್ಯಾಂಡ್ಸ್ 2021ರಲ್ಲಿ ಹೊರದೇಶಗಳ ದತ್ತನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಚೀನಾ 2024ರಲ್ಲಿ ತನ್ನ ಮಕ್ಕಳನ್ನು ಪರದೇಶದವರಿಗೆ ಕೊಡುವುದನ್ನು, ಹತ್ತಿರದ ರಕ್ತಸಂಬಂಧಿಗಳನ್ನು ಬಿಟ್ಟು, ಕೊನೆಗೊಳಿಸಿತು. ತಂಗಿಗೆ ಇದೆಲ್ಲ ಗೊತ್ತು. ಒಂದೊಂದು ಸಹಿ, ಒಂದೊಂದು ಮುದ್ರೆ ತಡವಾದಾಗ ಕಣ್ಣೀರು ಹಾಕಿದವಳೇ, "ತಡವಾದರೂ ಪರವಾಗಿಲ್ಲ. ನಾಳೆ ಅವಳು ಕೇಳಿದರೆ ತಲೆ ಎತ್ತಿ ಉತ್ತರ ಹೇಳಬೇಕು" ಎಂದಿದ್ದಳು.

ನಗರದಿಂದ ತೀರ್ಥಹಳ್ಳಿಯ ಕಡೆಗೆ ಬರುವಾಗ ಕವಲೇದುರ್ಗ ಹತ್ತಿದೆವು. ಗದ್ದೆಯ ಬದಿಯಿಂದ ಕಲ್ಲುಹಾಸಿನ ದಾರಿ ಕಾಡಿನೊಳಗೆ ಏರುತ್ತದೆ. ಒಂದರೊಳಗೊಂದು ಕೋಟೆಯ ಸುತ್ತು, ಕಾಶಿ ವಿಶ್ವನಾಥನ ಗುಡಿ, ಅದರಾಚೆ ಮಾಡಿಲ್ಲದ ಅರಮನೆ. ಕಂಬಗಳ ಬುಡ, ನೀರು ಹರಿಯುವ ಕಲ್ಲಿನ ಕಾಲುವೆ, ಅಡುಗೆಮನೆಯಲ್ಲಿ ಕಲ್ಲಿನ ಒಲೆ ಉಳಿದಿವೆ. ಹುಡುಗಿ ಒಲೆಯ ಬಾಯಿಗೆ ಒಣ ಎಲೆ ತುಂಬಿ, ಚಪ್ಪಟೆ ಕಲ್ಲೊಂದನ್ನು ಹೆಂಚು ಮಾಡಿ, ನಮಗೆಲ್ಲ ರೊಟ್ಟಿ ತಟ್ಟಿ ಹಾಕಿದಳು. ನಾವು ಉಂಡೆವು. ಕೈ ಕೊಡವಿಕೊಂಡು ಕೇಳಿದಳು:

"ಇಲ್ಲಿ ಇದ್ದ ಮಂದಿ ಎಲ್ಲಾ ಎಲ್ಲಿ ಹೋಗ್ಯಾರ, ದೊಡ್ಡವ್ವ?"

"ಯುದ್ಧ ಆಯಿತು, ಬಿಟ್ಟು ಹೋದರು ಪುಟ್ಟಿ."

"ಸಣ್ಣ ಹುಡುಗುರನ್ನ ಬಿಟ್ಟು ಹೋದ್ರೇನು?"

ನನಗೆ ಉತ್ತರ ಹೊಳೆಯಲಿಲ್ಲ. ಭಾವ ಅವಳ ಎದುರು ಮಂಡಿಯೂರಿ ಕೂತ. ತನ್ನ ಅರೆಬರೆ ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ, "ಗೊತ್ತಿಲ್ಲ ಮಗಳೇ. ಕೆಲವು ಸಲ ದೊಡ್ಡವರಿಗೆ ಆಗುವುದಿಲ್ಲ. ನಾನು ಬಿಡುವುದಿಲ್ಲ" ಎಂದ. ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇನ್ನೊಂದು ರೊಟ್ಟಿ ಬೇಕೇನೆಂದು ಕೇಳಿದಳು. ಕಡತ ಬಂದ ರಾತ್ರಿಯಿಂದ ಭಾವ ಹೊತ್ತು ತಿರುಗಿದ ಪ್ರಶ್ನೆಗೆ ಉತ್ತರ ಒಂದೇ ದಿನ ಸಿಗುವಂಥದ್ದಲ್ಲ. ಇಂಥ ಒಂದೊಂದು ಮಾತಿನ ಎದುರು ನಿಂತು, ಸುಳ್ಳು ಹೇಳದೆ, ಅಲ್ಲೇ ಉಳಿದು ಅವನು ಅದನ್ನು ಗಳಿಸಬೇಕು.

ತೀರ್ಥಹಳ್ಳಿಯಲ್ಲಿ ಭಾವನ ಅಜ್ಜನ ಮನೆಯವರು ಎಳ್ಳಮಾವಾಸ್ಯೆ ಜಾತ್ರೆಗೆ ತಯಾರಿ ನಡೆಸಿದ್ದರು. ರಾಮೇಶ್ವರ ದೇವಸ್ಥಾನದ ಕೆಳಗೆ ತುಂಗೆ ಬಂಡೆಗಳ ನಡುವೆ ಹರಿಯುತ್ತಾಳೆ. ತಂದೆಯ ಮಾತಿಗೆ ತಾಯಿಯ ತಲೆ ಕಡಿದ ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕೊನೆಯ ಕಲೆ ತೊಳೆದುಹೋದದ್ದು ಇಲ್ಲಿ ಎಂಬುದು ಸ್ಥಳಪುರಾಣ. ಜಾತ್ರೆಯ ದಿನ ಸಾವಿರಾರು ಜನ ಇಲ್ಲಿ ಮೀಯುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ತಾಯಿ ಮಗನ ಸಂಬಂಧ ಕಾಪಾಡಿಕೊಳ್ಳುವುದಿಲ್ಲ ಎಂದು ಈ ಪುರಾಣ ಇಷ್ಟು ಕಾಲದಿಂದ ಹೇಳುತ್ತ ಬಂದಿದೆ. ಹಿರಿಯರೊಬ್ಬರು ಹುಡುಗಿಯ ಗೋತ್ರ ಯಾವುದೆಂದು ಕೇಳಿದರು. ಆ ಮನೆಯ ಅಜ್ಜಿ, "ಅವರಪ್ಪನದೇ" ಎಂದು ಹೇಳಿ, ಮೊಮ್ಮಗಳನ್ನು ಕರೆದುಕೊಂಡು ಹೊಳೆಗೆ ಇಳಿದರು.

ಈ ದಾರಿಯಲ್ಲಿ ನಡೆದು ಬಂದ ಮೇಲೆ ನನ್ನ ಊರಿನವರಿಗೆ ಹೇಳಬೇಕಾದದ್ದು ಇದೆ. ಮಗು ಬೇಕೆನ್ನುವವರು ಆಸ್ಪತ್ರೆಯ ಹಿಂಬಾಗಿಲಿಂದ, ದಲ್ಲಾಳಿಯ ಕೈಯಿಂದ ಕೂಸನ್ನು ಪಡೆಯಬೇಡಿ. ಅದಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಇವೆ. ಶಿಕ್ಷೆಗಿಂತ ದೊಡ್ಡದು, ಆ ಮಗುವಿಗೆ ಮುಂದೆ ತೋರಿಸಲು ನಿಮ್ಮಲ್ಲಿ ಸತ್ಯ ಇರುವುದಿಲ್ಲ. ಶಿವಮೊಗ್ಗದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವಿದೆ, ಅಲ್ಲಿ ಹೋಗಿ ಕೇಳಿ. ಐದು ವರ್ಷ ದಾಟಿದ ಮಗುವಿನ ಬಗ್ಗೆಯೂ ಮನಸ್ಸು ತೆರೆಯಿರಿ. ಹಾಗೆ ತೆರೆದ ಮನೆಗಳು ಇಲ್ಲಿಯೇ ಹೆಚ್ಚಿದ್ದರೆ, ಮಾತು ಕಲಿತ ಮಗು ಆ ಮಾತನ್ನು ಬಿಟ್ಟು ಕಡಲು ದಾಟಬೇಕಾಗಿರಲಿಲ್ಲ. ನಮ್ಮ ಹುಡುಗಿಗೆ ಕನ್ನಡದ ಮನೆಯೇ ಸಿಕ್ಕಿತು, ಎಲ್ಲರಿಗೂ ಹಾಗೆ ಸಿಗುವುದಿಲ್ಲ. ದತ್ತು ಎಂಬುದನ್ನು ಮಗುವಿನಿಂದ ಮುಚ್ಚಿಡಬೇಡಿ. ನೆರೆಯವರು ಬಾಯಿತಪ್ಪಿ ಹೇಳುವ ಮೊದಲು ಅಪ್ಪಅಮ್ಮ ಹೇಳಬೇಕು.

ಚೆನ್ನಮ್ಮಾಜಿ ತನ್ನ ಕಾಲದ ಅಗತ್ಯಕ್ಕೆ ತಕ್ಕಂತೆ ಗದ್ದುಗೆಗೆ ಒಬ್ಬ ಮಗನನ್ನು ಆರಿಸಿದಳು, ಅವನನ್ನು ಪ್ರೀತಿಯಿಂದ ಬೆಳೆಸಿದಳು ಎಂಬುದಕ್ಕೆ ಅವನ ಗ್ರಂಥವೇ ಸಾಕ್ಷಿ ಎಂದು ನಾನು ನಂಬುತ್ತೇನೆ. ನಮ್ಮ ಕಾಲದ ಕಾನೂನು ಅವಳಿಗಿಂತ ಒಂದು ಹೆಜ್ಜೆ ಮುಂದೆ ಇಟ್ಟಿದೆ: ಮಗು ಮೊದಲು, ಮನೆ ಆಮೇಲೆ. ಆ ಹೆಜ್ಜೆಯನ್ನು ಕಾಗದದಿಂದ ಅಡುಗೆಮನೆಗೆ, ಚಪ್ಪರಕ್ಕೆ, ಜಾತ್ರೆಗೆ ತರುವ ಕೆಲಸ ಮನೆಮಂದಿಯದು. ನಮ್ಮ ಮನೆಯಲ್ಲಿ ಆ ಕೆಲಸ ಶುರುವಾಗಿದೆ.